ಗುದ್ದಲಿ ಹಿಡಿದ ತಾಳ

ನಮ್ಮ ರಾಜಧಾನಿ ನಾಮ್ ಪೆನ್‌ನಲ್ಲಿ ನನ್ನ ಗಂಡ ವುಥಿ ಡ್ರಮ್ಸ್ ಬಾರಿಸಿದರೆ ಕುರ್ಚಿಗೆ ಅಂಟಿ ಕೂತ ಗುಮಾಸ್ತರೂ ಎದ್ದು ಕುಣಿಯುತ್ತಿದ್ದರು. ಅದೇ ಬ್ಯಾಂಡಿನಲ್ಲಿ ನಾನು ಹಾಡುತ್ತಿದ್ದೆ. ಯುದ್ಧ ಗೆದ್ದ ಕಪ್ಪು ಬಟ್ಟೆಯವರು ಊರನ್ನೇ ಖಾಲಿ ಮಾಡಿಸಿ ಗದ್ದೆಗೆ ಅಟ್ಟಿದಾಗ ಕೇಳಿದವರಿಗೆ ಅವನು ತಾನು ಸೈಕಲ್ ರಿಕ್ಷಾ ತುಳಿಯುವವನೆಂದ, ನಾನು ಮೀನು ಮಾರುವವಳೆಂದೆ. ಹಾಡಿನವರೆಂದು ಗೊತ್ತಾದವರನ್ನು ‘ಓದಲು’ ಕರೆದೊಯ್ಯುತ್ತಿದ್ದರು. ಯಾರೂ ವಾಪಸು ಬರಲಿಲ್ಲ.

ಒಂದು ದಿನ ನಾಟಿ ನಡೆದಿತ್ತು. ಬದುವಿನ ಮೇಲೆ ವುಥಿ ಗುದ್ದಲಿ ಬಡಿದು ಕೆಸರು ಕೊಡವುತ್ತಿದ್ದ. ಹಾಳು ಕೈ, ಅದಕ್ಕೇನು ಗೊತ್ತು? ಸಾರವಾನ್ ಕುಣಿತದ ತಾಳ ಹಿಡಿದುಬಿಟ್ಟಿತು. ಸಸಿ ಹಿಡಿದ ಹೆಂಗಸರ ಮಣಿಕಟ್ಟುಗಳು ಮದುವೆಮನೆಯಲ್ಲಿ ತಿರುಗುವ ಹಾಗೆ ಮೆಲ್ಲಗೆ ತಿರುಗತೊಡಗಿದವು, ನನ್ನದೂ.

ತಂಡದ ನಾಯಕಿ ಸೊಖೋನ್, ಹದಿಹರೆಯದ ಹಳ್ಳಿ ಹುಡುಗಿ, ಕಾಲುವೆ ದಾಟಿ ಬಂದಳು. ನಾನು ಬಗ್ಗಿ ಸಸಿ ಊರತೊಡಗಿದೆ.

“ಏನದು, ಸಂಗಾತಿ ಅಣ್ಣ?”

“ಕೆಸರು ಕೊಡವ್ತಿದ್ದೆ.”

“ಹಂಗಾ? ಇನ್ನೊಂದ್ಸಲ ಕೊಡವು, ನೋಡೋಣ.”

ಜನ್ಮದಲ್ಲಿ ತಾಳ ತಪ್ಪದವನು ಈಗ ತಪ್ಪಬೇಕಿತ್ತು. ತಾಳ ತಪ್ಪೋ, ಪುಣ್ಯಾತ್ಮ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ವುಥಿ ಹೊಡೆದ. ಕುಂಟು ಎಮ್ಮೆ ಓಡಿದ ಹಾಗಿತ್ತು.

ಸೊಖೋನ್ ನಕ್ಕುಬಿಟ್ಟಳು. “ಥೂ, ಇಷ್ಟೂ ಬರಲ್ವಾ? ನಮ್ಮೂರ ಮದುವೇಲಿ ಚಿಕ್ಕ ಮಕ್ಕಳೂ ಹೊಡೀತಾವೆ. ಹಿಂಗೆ!” ಗುದ್ದಲಿ ಕಸಿದು ಬಾರಿಸಿದಳು. ಎಂಥ ತಾಳ ಅದು! ಅವಳ ಸೊಂಟವೂ ಸಣ್ಣಗೆ ಆಡಿತು.

ತಟ್ಟನೆ ನಿಂತಳು. ಗದ್ದೆಯಲ್ಲಿದ್ದವರೆಲ್ಲ ಕೇಳಿದ್ದರು, ಕೋವಿ ಹಿಡಿದ ಕಾವಲಿನವನೂ ಕೇಳಿದ್ದ. ಅವಳ ಮುಖದಲ್ಲಿ ನಮ್ಮದೇ ಭಯ ಕಂಡೆ. “ಕೆಲಸ ಮಾಡ್ರಿ” ಎಂದಳು. ಗುದ್ದಲಿಯನ್ನು ವುಥಿಯ ಕೈಗೆ ತುರುಕಿದಳು.

ಸಂಜೆ ಅವಳನ್ನು ‘ಓದಲು’ ಕರೆದೊಯ್ದರು. ವುಥಿಯನ್ನು ಯಾರೂ ಏನೂ ಕೇಳಲಿಲ್ಲ.

ಈಗ ಆ ಕಾಲ ಹೋಯಿತು. ಅಳಿದುಳಿದ ನಮ್ಮ ಹಾಡುಗಳನ್ನು ರೇಡಿಯೊದವರು ಹುಡುಕಿ ತಂದು ಹಾಕುತ್ತಾರೆ, ಪಕ್ಕದ ಮನೆಯವರು ಅಂಗಳದಲ್ಲಿ ಕುಣಿಯುತ್ತಾರೆ. ನಿನ್ನೆ ನನ್ನದೇ ದನಿ ಬಂತು, ಜೊತೆಗೆ ಅವನ ಡ್ರಮ್ಸ್. ವುಥಿ ಎದ್ದು ಕಿಟಕಿ ಮುಚ್ಚಿದ.

ನನಗೆ ರೇಗಿತು. “ಜನ ಕೇಳ್ಲಿ ಅಂತಾನೇ ಹಾಕೋದು, ಮಾರಾಯ. ಇನ್ನೂ ಯಾರ ಭಯ ನಿಂಗೆ?”

“ಆ ಹುಡುಗೀನೂ ಒಂದು ಗಳಿಗೆ ಭಯ ಮರೆತ್ಲು, ಕೊಲಾಪ್.”

ಹಾಡು ಇನ್ನೂ ಮುಗಿದಿರಲಿಲ್ಲ. ನಾನೇ ಹೋಗಿ ರೇಡಿಯೊ ಆರಿಸಿದೆ.