ಪಾದೆಯ ನೇರಳೆ ಹೂ

ಕಲ್ಲುಗುಂಡಿ ಊರಿನ ಮೇಲಿನ ಗುಡ್ಡದ ನೆತ್ತಿಯಲ್ಲಿ, ಬಂಡೆಗಳ ನಡುವಿನ ಹುಲ್ಲುಗಾವಲಿನಲ್ಲಿ ಸುಪ್ರಿತಾ ಬೋರಲು ಮಲಗಿದ್ದಳು. ಸುಳ್ಯದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅವಳಿಗೆ ಮಳೆಗಾಲದ ಭಾನುವಾರಗಳಲ್ಲಿ ಇದೇ ಕೆಲಸ. ಗಂಡ ಶೈಲೇಶ್ ಕೊಡೆ ಹಿಡಿದು ನಿಂತಿದ್ದ.

"ಎಂತ ಮಾರಾಯ್ತಿ, ಹುಲ್ಲಿಗೂ ಅಡ್ಡಬೀಳುದಾ?"

"ಸುಮ್ಮನಿರಿ. ಇಲ್ಲಿ ನೋಡಿ." ಬಂಡೆಯ ಬಿರುಕಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ನೇರಳೆ ಹೂಗಳು. "ಇದರ ಬಳಗದಲ್ಲಿ ಎಲ್ಲದಕ್ಕೂ ಎಲೆಯ ಮೇಲೆ ರೋಮ ಉಂಟು. ಇದಕ್ಕೆ ಒಂದೂ ಇಲ್ಲ. ಹೊಸ ಪ್ರಭೇದ ಇರಬಹುದು."

ಶೈಲೇಶ್ ಬೋಳುತಲೆ ಸವರಿಕೊಂಡ. "ಹಾಗಾದ್ರೆ ನಾನೂ ಹೊಸ ಪ್ರಭೇದವೇ."

ಅವಳು ಒಂದು ಗಿಡವನ್ನು ಒಣಗಿಸಿ ತನ್ನ ಗುರು ಮೂಕಾಂಬಿಕಾ ಅವರಿಗೆ ತೋರಿಸಿದಳು. "ಹೂವೇನೋ ಬೇರೆಯೇ. ಆದರೆ ಬೀಜ ನೋಡದೆ ಹೊಸದು ಅಂತ ಹೇಳುವ ಹಾಗಿಲ್ಲ" ಎಂದರು ಅವರು.

ಮಳೆ ಹೊಳವಾಗಿ ಕಾಯಿ ಬಲಿಯುವ ಹೊತ್ತಿಗೆ ಗಂಡಹೆಂಡಿರು ಬೀಜಕ್ಕಾಗಿ ಮತ್ತೆ ಗುಡ್ಡ ಹತ್ತಿದರು. ದನಗಳು ಎಲ್ಲವನ್ನೂ ಮೇಯ್ದುಬಿಟ್ಟಿದ್ದವು. ಸುಪ್ರಿತಾ ಬಂಡೆಯ ಮೇಲೆ ಕುಸಿದು ಕುಳಿತಳು, ಕಣ್ಣು ತುಂಬಿತು. ಶೈಲೇಶ್ ಆ ದಿನ ತಮಾಷೆ ಮಾಡಲಿಲ್ಲ.

ಮರುದಿನ ಅವನು ಗುತ್ತಿಗಾರಿನ ತನ್ನ ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಪಕ್ಕದ ಗುಡ್ಡ ಹತ್ತಿದ. ಅಲ್ಲಿಂದ ಹೆಂಡತಿಯ ಫೋನಿಗೆ ಒಂದು ಚಿತ್ರ ಬಂತು: "ಸಿಕ್ಕಿತು!"

"ಅದು ನಾಚಿಕೆಮುಳ್ಳು. ಮುಟ್ಟಿ ನೋಡಿ, ನಿಮ್ಮನ್ನು ಕಂಡು ಮುದುಡ್ತದೆ."

ಇನ್ನೊಂದು ಬಂತು. ಅದು ತುಂಬೆ. ಆಮೇಲೆ ಬಂದ ಚಿತ್ರ ನೋಡಿದವಳೇ ಸುಪ್ರಿತಾ ಪಾಠ ಅರ್ಧಕ್ಕೆ ಬಿಟ್ಟು ಹೊರಗೆ ಓಡಿದಳು. ದನ ಇಳಿಯಲಾರದ ಕಡಿದಾದ ಬಂಡೆಯ ಅಂಚಿನಲ್ಲಿ ಅದೇ ಗಿಡ, ಕಾಯಿ ಸಮೇತ, ಒತ್ತೊತ್ತಾಗಿ ಬೆಳೆದಿತ್ತು.

ಬೀಜವೂ ಬೇರೆಯೇ ಇತ್ತು. ಮೂಕಾಂಬಿಕಾ ಜೊತೆ ಸೇರಿ ಸುಪ್ರಿತಾ ಗಿಡದ ವಿವರಣೆ ಬರೆದಳು. ಹೆಸರೊಂದು ಬಾಕಿ ಉಳಿಯಿತು.

"ನಿನ್ನ ಹೆಸರೇ ಅಲ್ವಾ? ನಾನು ಅಂಗಡಿಯಲ್ಲಿ ಎಲ್ಲರಿಗೂ ಹೇಳಿ ಆಗಿದೆ" ಎಂದ ಶೈಲೇಶ್.

"ನಮ್ಮ ಹೆಸರು ನಾವೇ ಇಟ್ಟುಕೊಳ್ಳುದು ಮರ್ಯಾದೆ ಅಲ್ಲ. ನಿಮ್ಮದು ಇಡುವನಾ?"

"ಬೇಡ ಮಾರಾಯ್ತಿ! ಶೈಲೇಶನನ್ನು ದನ ತಿಂದಿತು ಅಂತ ಊರೆಲ್ಲ ನಗ್ತದೆ."

ಕೊನೆಗೆ, ಊರಿನವರು ಬಂಡೆಗೆ ಹೇಳುವ 'ಪಾದೆ' ಎಂಬ ಮಾತನ್ನೇ ಲ್ಯಾಟಿನ್ನಿಗೆ ಒಗ್ಗಿಸಿ ಹೆಸರಿಟ್ಟರು.

ಲೇಖನ ಪ್ರಕಟವಾದ ದಿನ ಶೈಲೇಶ್ ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದ. "ಇದೆಂತ, ಹೂವಿನ ಹೆಸರಿನ ಕೊನೆಗೆ ನಿನ್ನ ಹೆಸರೂ ಉಂಟಲ್ಲ!"

"ವಿವರಿಸಿದವರ ಹೆಸರನ್ನು ಹಾಗೆ ಸೇರಿಸ್ತಾರೆ. ಇನ್ನು ಅದು ಅಲ್ಲೇ ಇರ್ತದೆ."

ಅವನು ಗಟ್ಟಿಯಾಗಿ ಓದಿದ. ಲ್ಯಾಟಿನ್ನಿನಲ್ಲಿ ನಾಲಗೆ ಎಡವಿತು; ಅವಳ ಹೆಸರು ಮಾತ್ರ ಪಕ್ಕದ ಮನೆಗೂ ಕೇಳುವಷ್ಟು ಸ್ಪಷ್ಟವಾಗಿತ್ತು.