ಗುಟ್ಟಿನ ಇಪ್ಪತ್ತು ಫೈಲು

ತಪಾಸಣೆ ಮೇಡಂಗೆ ಅನುಮಾನವೆಂದರೆ ಉಸಿರಾಟದಷ್ಟೇ ಸಹಜ. ಮನೆಯಲ್ಲಿ ಪಾತ್ರೆಯ ಹಾಲು ಎರಡು ಬೆರಳು ಇಳಿದಿದ್ದಕ್ಕೆ ಗಂಡನನ್ನೂ ಅತ್ತೆಯನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸಿದ ಗಟ್ಟಿಗಿತ್ತಿ. ಇಂಥವಳಿಗೆ ಆಸ್ಪತ್ರೆಯವರು ಪರದೇಶದ ಕಂಪನಿಯೊಂದರ ಮೇಲೆ ಕಣ್ಣಿಡುವ ಕೆಲಸ ಕೊಟ್ಟಿದ್ದರು.

ಇಲ್ಲಿನ ಡಾಕ್ಟರುಗಳು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಗಡಿಯಾಚೆಯ ಕಂಪನಿಯವರು ಅದನ್ನು ಕೇಳಿ ಟೈಪ್ ಮಾಡಿ ಕಳಿಸುತ್ತಾರೆ. ವಾರಕ್ಕೆ ನಾನೂರು ಫೈಲು. ಮೇಡಂ ಸೋಮವಾರ ಅದರಲ್ಲಿ ಇಪ್ಪತ್ತನ್ನು ಆರಿಸಿ ಗುರುವಾರ ಪರೀಕ್ಷಿಸಬೇಕು. ಯಾವ ಇಪ್ಪತ್ತು ಎಂಬುದು ಆಕೆಗೂ ಪಕ್ಕದ ಮೇಜಿನ ಸಹಾಯಕನಿಗೂ ಬಿಟ್ಟರೆ ನರಪಿಳ್ಳೆಗೂ ತಿಳಿಯಬಾರದು.

ಆರು ವಾರದಿಂದ ಆ ಇಪ್ಪತ್ತರಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಉಳಿದವುಗಳಲ್ಲಿ ಮಾತ್ರ ಎಡಗಾಲು ಬಲಗಾಲಾಗಿತ್ತು, ಅರ್ಧ ಮಾತ್ರೆ ಐದು ಮಾತ್ರೆಯಾಗಿತ್ತು. ಡಾಕ್ಟರುಗಳು ಕೆಂಡಾಮಂಡಲವಾದರು. ಆ ಇಪ್ಪತ್ತರ ಪಟ್ಟಿ ಸೋರುತ್ತಿದೆ ಎಂದು ಮೇಡಂಗೆ ಖಾತ್ರಿಯಾಯಿತು.

ಸಹಾಯಕನೋ, ಆ ಕಂಪನಿಯವರ ಜೊತೆ ಫೋನಿನಲ್ಲಿ ನಗುನಗುತ್ತಾ ಮಾತಾಡುವವನು. ಅವರ ಮಕ್ಕಳ ಪರೀಕ್ಷೆ ಹೇಗಾಯಿತೆಂಬುದೂ ಅವನಿಗೆ ಗೊತ್ತು. ಮೇಡಂ ಹತ್ತಿರ ಬಂದರೆ ಮಾತು ತುಂಡರಿಸುತ್ತಿದ್ದ. ಇನ್ನೇನು ಬೇಕು? ಮ್ಯಾನೇಜರಿಗೆ ದೂರು ಬರೆದೇ ಬಿಟ್ಟಳು. ಮುಂದಿನ ಶುಕ್ರವಾರವೇ ನಿನ್ನ ಕೊನೆಯ ದಿನ ಎಂದು ಅವನಿಗೆ ಕಾಗದ ಬಂತು. ಅವನು ಅದನ್ನು ಎರಡು ಸಲ ಓದಿ ಮಡಚಿಟ್ಟ.

ಆ ಕೊನೆಯ ವಾರದ ಸೋಮವಾರ ಮೇಡಂ ಪಟ್ಟಿಯನ್ನು ಅವನಿಗೂ ತೋರಿಸಲಿಲ್ಲ. ಗುರುವಾರ ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಸ್ವಚ್ಛ.

ಕೂಡಲೇ ಆಚೆಯ ಕಂಪನಿಯ ಮೇಲ್ವಿಚಾರಕಿಗೆ ಫೋನು ಹಚ್ಚಿ, ಪಟ್ಟಿ ಕೊಡುವವರು ಯಾರೆಂದು ಗದರಿಸಿದಳು. ಮೇಲ್ವಿಚಾರಕಿ ಏನೂ ಮುಚ್ಚಿಡಲಿಲ್ಲ.

"ಸೋಮವಾರ ನೀವು ತೆರೆದ ಫೈಲಿನ ಪಕ್ಕ ನಮ್ಮ ಕಂಪ್ಯೂಟರಲ್ಲೂ ನಿಮ್ಮ ಗುರುತು ಬೀಳುತ್ತಲ್ಲ ಮೇಡಂ. ಗುರುವಾರದೊಳಗೆ ಅವಷ್ಟನ್ನೂ ತಿದ್ದಿಡ್ತೀವಿ. ನಮ್ಮ ಮೇಲಿನ ಕರುಣೆಯಿಂದ ನೀವೇ ಸೂಚನೆ ಕೊಡ್ತಿದ್ದೀರಿ ಅಂದ್ಕೊಂಡಿದ್ವಿ."

ಆರಿಸಿದ ಫೈಲನ್ನು ಯಾರಾದರೂ ಎಗರಿಸಿಬಿಟ್ಟಾರೆಂದು ಸೋಮವಾರವೇ ಒಂದೊಂದನ್ನೂ ತೆರೆದು ನೋಡಿ ಮುಚ್ಚುವುದು ಮೇಡಂನ ಅಭ್ಯಾಸ. ಮ್ಯಾನೇಜರ್ ಬಳಿ ಓಡಿ ತಪ್ಪೊಪ್ಪಿಕೊಂಡು, ಸಹಾಯಕನನ್ನು ಉಳಿಸಿಕೊಳ್ಳಿ ಎಂದು ಬೇಡಿಕೊಂಡಳು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿದೆ ಎಂದರು ಅವರು, ತಲೆಯೆತ್ತದೆ.

ಸಹಾಯಕ ಮೇಜಿನ ಖಾನೆ ಖಾಲಿ ಮಾಡುತ್ತಿದ್ದ. ಮೇಡಂ ನಡೆದದ್ದನ್ನೆಲ್ಲ ಹೇಳಿದಳು. ಅವನಿಗೆ ಆಶ್ಚರ್ಯವೇ ಆದಂತೆ ಕಾಣಲಿಲ್ಲ.

"ಆ ಗುರುತು ನನಗೂ ಕಾಣ್ತಿತ್ತು ಮೇಡಂ. ನೀವೇ ಬೇಕಂತ ತೋರಿಸ್ತಿದ್ದೀರೇನೋ ಅಂತ ಅನುಮಾನ ಬಂದಿತ್ತು. ದೂರು ಕೊಡಿ ಅಂತ ನನ್ನ ಹೆಂಡ್ತಿನೂ ಹೇಳಿದ್ಳು," ಎಂದ. ಚೀಲದ ಜಿಪ್ ಎಳೆದ. "ಖಾತ್ರಿ ಇಲ್ಲದೆ ಒಬ್ಬರ ಅನ್ನಕ್ಕೆ ಕಲ್ಲು ಹಾಕೋದು ಹೇಗೆ ಅಂತ ನಾನೇ ಸುಮ್ಮನಿದ್ದೆ."