ಸಹಿ ಮಾಡದ ಅರ್ಜಿ

ಆ ಬಡಾವಣೆಗೆ ನೀರು ಬಿಡುವವನು ಅವನೇ. ಹದಿನೆಂಟು ವರ್ಷದಿಂದ ಪಂಪ್‌ಹೌಸಿನ ಬಾವಿಗೆ ಹಗ್ಗ ಇಳಿಸಿ ಮಟ್ಟ ನೋಡುತ್ತಿದ್ದ. ಮೊದಲೆಲ್ಲ ಎಂಟು ಅಡಿಗೇ ನೆನೆಯುತ್ತಿದ್ದ ಹಗ್ಗ ಈಗ ನಲವತ್ತು ಅಡಿ ಇಳಿಸಿದರೂ ಒಣಗಿಯೇ ಮೇಲೆ ಬರುತ್ತಿತ್ತು. ಕೊಡ ಹಿಡಿದು ಜಗಳಕ್ಕೆ ಬಂದವರಿಗೆ, "ಬಾವಿ ಇರೋದು ಒಂದೇ, ಜನ ಮಾತ್ರ ಹೆಚ್ಚಾಗ್ತಾನೇ ಇದ್ದಾರೆ. ನಾನೇನು ಉಗುಳಿ ತುಂಬಿಸ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಬಟ್ಟೆ ಕಾರ್ಖಾನೆಯಲ್ಲಿ ಕಾಜಾ ಹಾಕುತ್ತಿದ್ದ ಹೆಂಡತಿ ಮೂರನೆಯ ಹೆರಿಗೆಯಲ್ಲಿ ಸತ್ತು ಬದುಕಿದ್ದಳು. ಇನ್ನೊಂದು ಬೇಡವೇ ಬೇಡ ಎಂದಿದ್ದರು ಡಾಕ್ಟರಮ್ಮ. ಮಾತ್ರೆ ಅವಳ ಮೈಗೆ ಒಗ್ಗುತ್ತಿರಲಿಲ್ಲ. ಮಕ್ಕಳಾಗದ ಆಪರೇಷನ್ನಿಗೆ ಅವಳೇ ಅರ್ಜಿ ತುಂಬಿಸಿ, ಗಂಡನ ಸಹಿ ಬೇಕಂತೆ ಎಂದು ತಂದುಕೊಟ್ಟಳು. ಒಂದು ಗಂಡಾದರೂ ಆಗಲಿ ಎಂಬ ಆಸೆ ಅವನಿಗೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅರ್ಜಿಯನ್ನು ಪಂಪ್‌ಹೌಸಿನ ಮೇಜಿನ ಡ್ರಾಯರಿಗೆ ತುರುಕಿದ. ಕೊಟ್ಟು ಬಂದೆ, ಸರದಿ ಬಂದಾಗ ಅವರೇ ಕರೆಯುತ್ತಾರಂತೆ ಎಂದು ಹೆಂಡತಿಗೆ ಹೇಳಿದ. ಅವಳು ನಂಬಿದಳು. ಏಳು ತಿಂಗಳು ಕಾದಳು. ಎಂಟನೆಯ ತಿಂಗಳಿಗೆ ಮುಟ್ಟು ನಿಂತಿತು.

ಹುಟ್ಟಿದ್ದು ಗಂಡೇ. ಬಡಾವಣೆಯವರೆಲ್ಲ ಬಾಯ್ತುಂಬ ಹೊಗಳಿದರು. ಆದರೆ ರಕ್ತ ನಿಲ್ಲದೆ ಅವಳ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಕಾರ್ಖಾನೆಯವರು ಅವಳ ಮಷೀನಿಗೆ ಬೇರೆಯವಳನ್ನು ಕೂರಿಸಿದರು. ಮಗು ನೋಡಿಕೊಳ್ಳಲು ದೊಡ್ಡವಳು ಶಾಲೆ ಬಿಟ್ಟಳು. ಮಗಳು ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದ್ದನ್ನು ನೋಡಿದ ದಿನ ಅವನು ಊಟದ ತಟ್ಟೆ ಸರಿಸಿ ಎದ್ದುಹೋದ.

ಅರ್ಜಿ ಕೊಟ್ಟಿದ್ದೂ ಯಾಕೆ ಕರೆಯಲಿಲ್ಲ ಎಂದು ಆಸ್ಪತ್ರೆಯಲ್ಲಿ ಕೇಳಿಕೊಂಡು ಬರುವುದಾಗಿ ಹೆಂಡತಿ ಹೊರಟಳು. ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದ್ದವಳು. ಬಾಗಿಲಲ್ಲಿ ಅಡ್ಡ ನಿಂತ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಹೋಗ್ಬೇಡ. ನಾನು ಕೊಡ್ಲೇ ಇಲ್ಲ."

ಅವಳು ಅಲ್ಲೇ ಕುಳಿತಳು. "ಇಷ್ಟ ಇಲ್ಲ ಅಂತ ಹೇಳಿದ್ರೆ ಜಗಳ ಆಡ್ತಿದ್ದೆ. ಬೇರೆ ದಾರಿ ಹುಡುಕ್ತಿದ್ದೆ. ನೀವು ಕಾಯೋ ಹಾಗೆ ಮಾಡಿದ್ರಿ," ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಅವನು ದೊಡ್ಡವಳನ್ನು ಕರೆದುಕೊಂಡು ಹೋಗಿ, ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತು, ಶಾಲೆಗೆ ಮತ್ತೆ ಸೇರಿಸಿ ಬಂದ. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಕೆಲಸಕ್ಕೆ ಹೋಗತೊಡಗಿದ. ವಾಲ್ವ್ ತಿರುಗಿಸುವಾಗ ಮಗು ಅವನ ಕಿವಿ ಹಿಡಿದು ಜಗ್ಗಿದರೆ ನೀರಿನ ಸಾಲಿನ ಹೆಂಗಸರು ನಗುತ್ತಿದ್ದರು. ಒಬ್ಬಾಕೆ, "ಏನಣ್ಣಾ, ಜನ ಹೆಚ್ಚಾದ್ರು ಅಂತ ನಮಗೆ ಹೇಳ್ತಿದ್ರಿ?" ಎಂದು ಕಿಚಾಯಿಸಿದಳು. ಅವನು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ ವಾಲ್ವ್ ತಿರುಗಿಸಿದ. ಜನರ ಮೇಲೆ ರೇಗುವುದನ್ನೇ ಬಿಟ್ಟಿದ್ದ. ಬೀದಿಯ ಪೈಪಿನಲ್ಲಿ ಸೋರಿಕೆ ಎಲ್ಲಿದೆಯೆಂದು ಸಂಜೆಯೆಲ್ಲ ಹುಡುಕಿ ಕಟ್ಟುತ್ತಿದ್ದ.

ಹೆಂಡತಿ ಬೇರೊಂದು ಕಾರ್ಖಾನೆಗೆ ಸೇರಿದಳು. ಅಲ್ಲಿ ಹಲವು ಕಾಗದಗಳಿಗೆ ಸಹಿ ಹಾಕಬೇಕಿತ್ತು. ಅವನು ಓದಿ ಹೇಳಲೇ ಎಂದು ಕೈ ಚಾಚಿದ.

"ಬೇಡ," ಎಂದು ಅವಳು ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು.